ಶುಶ್ರೂಷೆಯೂ ಒಂದು ವಿದ್ಯೆ

ರೋಗಿಯನ್ನು ನೋಡಲು ಹೋಗುವವರು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಸೀಮೆಯ ಹಳೆಯ ಸಂಪ್ರದಾಯ. ನಂಜನಗೂಡಿನವರಾದರೆ ಒಂದು ಚಿಪ್ಪು ರಸಬಾಳೆ. ತಿರುಮಕೂಡಲು ನರಸೀಪುರದ ಕಡೆಯವರಾದರೆ ಆಗತಾನೆ ಮರದಿಂದ ಇಳಿಸಿದ ನಾಲ್ಕು ಎಳನೀರು. ಎರಡೂ ಒದಗದಿದ್ದರೆ ಪೇಟೆಯ ಕಿತ್ತಳೆ. ಜ್ವರ ಬಿಟ್ಟು ಎದ್ದವನಿಗೆ ಇವು ಅಮೃತವೇ ಸರಿ. ಆದರೆ ಮೂತ್ರಪಿಂಡಗಳೆರಡೂ ಸೋತುಹೋದ ಮನುಷ್ಯನ ಮಂಚದ ಬಳಿಗೆ ಬಂದಾಗ ಇದೇ ಬಾಳೆಯ ಹಣ್ಣು, ಇದೇ ಎಳನೀರು ಅವನ ಪ್ರಾಣಕ್ಕೆ ಎರವಾಗಬಲ್ಲವು. ಅವುಗಳಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೇರಳವಾಗಿದೆ. ಆರೋಗ್ಯವಂತನ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಗೆ ಹಾಕಿ ಸುಮ್ಮನಾಗುತ್ತದೆ. ಸೋತ ಮೂತ್ರಪಿಂಡಕ್ಕೆ ಆ ಶಕ್ತಿಯಿಲ್ಲ. ರಕ್ತದಲ್ಲಿ ಅದು ಏರುತ್ತ ಹೋದರೆ ಹೃದಯದ ಲಯ ತಪ್ಪುತ್ತದೆ. ಕೆಲವು ವೇಳೆ ಹೃದಯ ನಿಂತೇ ಹೋಗುತ್ತದೆ. ತಂದುಕೊಟ್ಟವರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರುವುದಿಲ್ಲ.

ಪ್ರೀತಿಯೊಂದಿದ್ದರೆ ಶುಶ್ರೂಷೆ ತಾನಾಗಿಯೇ ಬರುತ್ತದೆಂದು ನಾವು ನಂಬಿಕೊಂಡಿದ್ದೇವೆ. ತಾಯಿಗೆ ಯಾರು ಕಲಿಸಿದರು, ಹೆಂಡತಿಗೆ ಯಾರು ಕಲಿಸಿದರು ಎಂದು ಕೇಳುವವರೂ ಉಂಟು. ನಮ್ಮ ಪ್ರಾಚೀನರು ಹಾಗೆ ನಂಬಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮಂಚಕ್ಕೆ ನಾಲ್ಕು ಕಾಲುಗಳಿದ್ದಂತೆ. ಒಂದು ಮೋಟಾದರೆ ಮಲಗಿದವನು ಉರುಳುತ್ತಾನೆ. ಆ ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕೇ: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶೌಚ. ಅನುರಾಗಕ್ಕೆ ಇಲ್ಲಿ ಸಿಕ್ಕಿರುವುದು ಮೂರನೆಯ ಸ್ಥಾನ. ಜ್ಞಾನದ ಹೆಸರು ಮೊದಲು ಬಂದಿದೆ. ಈ ಅನುಕ್ರಮದಲ್ಲಿ ಗ್ರಂಥಕಾರನು ವಿಶೇಷಾರ್ಥವನ್ನು ಇಟ್ಟಿದ್ದನೋ ಇಲ್ಲವೋ, ಮೂತ್ರಪಿಂಡದ ರೋಗಿಯ ವಿಷಯದಲ್ಲಂತೂ ಅದು ಅಕ್ಷರಶಃ ಸತ್ಯ. ಬೇರೆ ಹಲವು ರೋಗಗಳಲ್ಲಿ ಅರಿಯದ ಪ್ರೀತಿ ವ್ಯರ್ಥವಾಗಬಹುದು, ಅಷ್ಟೆ. ಈ ರೋಗದಲ್ಲಿ ಅದು ಕೊಲ್ಲಬಲ್ಲುದು.

ಮೂತ್ರಪಿಂಡವೆಂಬುದು ಮುಷ್ಟಿಯಷ್ಟು ದೊಡ್ಡದು. ತೂಕ ಸುಮಾರು 150 ಗ್ರಾಂ. ಇಂಥ ಎರಡು ಪಿಂಡಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಕೊನೆಗೆ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳಿಸುತ್ತವೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಎಂಬ ಎರಡು ಮನೆಮುರುಕರು ವರ್ಷಾನುಗಟ್ಟಲೆ ಸದ್ದಿಲ್ಲದೆ ಈ ಸೋಸುವ ಜಾಲವನ್ನು ಹರಿಯುತ್ತ ಬರುತ್ತಾರೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳೂ ಈ ಕೆಲಸಕ್ಕೆ ಕೈಜೋಡಿಸುತ್ತವೆ. ಕಾಲು ಬಾತು, ಅನ್ನ ಸೇರದೆ, ಉಸಿರು ಕಟ್ಟುವ ವೇಳೆಗೆ ಬಹಳ ಸಲ ಕಾಲ ಮಿಂಚಿರುತ್ತದೆ. ಹೊರಗೆ ಹೋಗಬೇಕಾದ ನಂಜು ಒಳಗೇ ನಿಂತಿರುತ್ತದೆ.

'ನಂಜು' ಎಂಬ ಅಚ್ಚಗನ್ನಡದ ಮಾತು ನಂಜನಗೂಡಿನವರಿಗೆ ಹೊಸದಲ್ಲ. ಊರಿಗೆ ಹೆಸರು ಕೊಟ್ಟ ದೇವರೇ ನಂಜುಂಡ. ಟಿಪ್ಪುವಿನ ಆನೆಗೆ ಕಣ್ಣು ಬರಿಸಿದನೆಂದೂ ಅಂದಿನಿಂದ ಸುಲ್ತಾನನು ಅವನನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಐತಿಹ್ಯವಿದೆ. ರೋಗ ವಾಸಿಯಾಗಲೆಂದು ಇಂದಿಗೂ ಜನ ಅಲ್ಲಿ ಉರುಳುಸೇವೆ ಮಾಡುತ್ತಾರೆ. ಆ ಶ್ರದ್ಧೆಯನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಆದರೆ ವಿಷವನ್ನು ಕಂಠದಲ್ಲಿ ನಿಲ್ಲಿಸಿಕೊಂಡು ಬದುಕುವುದು ದೇವರಿಗೆ ಸಾಧ್ಯವಾದ ಕೆಲಸ. ಮನುಷ್ಯನ ಮೈಯೊಳಗೆ ನಿಂತದ್ದನ್ನು ಯಾರಾದರೂ ತೆಗೆಯಬೇಕು.

ತೆಗೆಯುವ ಉಪಾಯವನ್ನು ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಿಲೆಂ ಕಾಲ್ಫ್ ಎಂಬ ತರುಣ ವೈದ್ಯನು 1943ರಲ್ಲಿ, ಯುದ್ಧದ ನಡುವೆ, ಸಾಸೇಜಿಗೆ ಸುತ್ತುವ ಸೆಲೊಫೇನ್ ಕೊಳವೆಯಿಂದ ಸಾಧಿಸಿದನು. ಇಂದು ಆ ಯಂತ್ರದ ವಂಶಜರು ನಮ್ಮ ತಾಲ್ಲೂಕುಗಳವರೆಗೆ ಬಂದಿದ್ದಾರೆ. 2016ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿದ ಮೇಲೆ ಬಡವರಿಗೆ ಈ ಚಿಕಿತ್ಸೆ ಉಚಿತವಾಗಿ ದೊರೆಯುವ ದಾರಿ ತೆರೆಯಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಯಂತ್ರಗಳು ನಡೆಯುತ್ತಿವೆ. ಇದು ಸಣ್ಣ ಸಾಧನೆಯಲ್ಲ. ಒಂದು ಲೆಕ್ಕವನ್ನು ಮಾತ್ರ ವಾಚಕರು ನನ್ನೊಡನೆ ಮಾಡಿ ನೋಡಬೇಕು. ಸಾಮಾನ್ಯವಾಗಿ ಒಬ್ಬ ರೋಗಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಆಗಬೇಕು. ಒಟ್ಟು ಹನ್ನೆರಡು ಗಂಟೆ. ವಾರದಲ್ಲಿರುವುದು 168 ಗಂಟೆ. ಉಳಿದ 156 ಗಂಟೆ ಅವನು ಯಂತ್ರದ ಬಳಿಯಲ್ಲಿಲ್ಲ, ದಾದಿಯ ಬಳಿಯಲ್ಲಿಲ್ಲ. ಮೂಗೂರಿನಲ್ಲೋ ತಲಕಾಡಿನಲ್ಲೋ ಹುಲ್ಲಹಳ್ಳಿಯಲ್ಲೋ ಕವಲಂದೆಯಲ್ಲೋ ತನ್ನ ಮನೆಯ ಪಡಸಾಲೆಯಲ್ಲಿದ್ದಾನೆ. ಹನ್ನೆರಡು ಗಂಟೆಗೆ ನಾವು ಯಂತ್ರ ಕೊಟ್ಟಿದ್ದೇವೆ, ತಂತ್ರಜ್ಞನನ್ನು ಕೊಟ್ಟಿದ್ದೇವೆ. ನೂರೈವತ್ತಾರು ಗಂಟೆಗೆ ಕೊಟ್ಟಿರುವುದೇನು? ಬಹುತೇಕ ಕಡೆ ಒಂದು ಚೀಟಿ; ಅದೂ ಇಂಗ್ಲಿಷಿನಲ್ಲಿ.

ಆ ಗಂಟೆಗಳಲ್ಲಿ ಮನೆಯವರು ತಿಳಿದಿರಬೇಕಾದುದು ಸಾಮಾನ್ಯವಲ್ಲ. ಮೊದಲನೆಯದು ನೀರು. ಮೂತ್ರ ಕಡಮೆಯಾದವನು ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಒಂದು ಲೀಟರು ನಿಂತರೆ ತೂಕ ಒಂದು ಕಿಲೋ ಏರುತ್ತದೆ. ಹೆಚ್ಚಾದರೆ ಶ್ವಾಸಕೋಶಕ್ಕೆ ಇಳಿದು ಮಲಗಿದಲ್ಲಿ ಉಸಿರು ಕಟ್ಟುತ್ತದೆ. ಆದ್ದರಿಂದ ವೈದ್ಯರು ದಿನಕ್ಕೆ ಇಷ್ಟೇ ಎಂದು ಅಳತೆ ಹೇಳುತ್ತಾರೆ. ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಆ ಅಳತೆಗೆ ಸೇರಿದ್ದು. ಕಪಿಲೆ ನಂಜನಗೂಡನ್ನು ಬಳಸಿ ಹರಿದು ತಿರುಮಕೂಡಲಲ್ಲಿ ಕಾವೇರಿಯನ್ನು ಕೂಡುವ ನಾಡು ಇದು; ಕಾಲುವೆಯ ನೀರು ಗದ್ದೆಯ ಬದುವಿನ ಮೇಲೆ ಹರಿಯುವ ಊರುಗಳು ಇವು. ಇಲ್ಲಿ ಒಬ್ಬ ಗೃಹಿಣಿ ಚೈತ್ರದ ಬಿಸಿಲಿನಲ್ಲಿ, ದೊಡ್ಡ ಜಾತ್ರೆಗೆ ಊರೆಲ್ಲ ಪಾನಕ ಮಜ್ಜಿಗೆ ಹಂಚುತ್ತಿರುವಾಗ, ಗಂಡನಿಗೆ ನೀರನ್ನು ಲೋಟದಲ್ಲಿ ಅಳೆದು ಕೊಡಬೇಕು. ಬಾಯಾರಿದವನಿಗೆ ನೀರಿಲ್ಲವೆನ್ನುವುದು ಪಾಪವೆಂದು ಕೇಳಿ ಬೆಳೆದ ಹೆಂಗಸು ಅವಳು. "ಕೊಡಬೇಡಿ" ಎಂದು ಹೇಳಿ ಕಳಿಸಿದರೆ ಸಾಲದು. ಬೆಳಗ್ಗೆ ಒಂದು ಚೊಂಬಿನಲ್ಲಿ ದಿನದ ಪಾಲನ್ನು ಅಳೆದಿಟ್ಟು ಅದರಿಂದಲೇ ಖರ್ಚು ಮಾಡುವುದು, ದೊಡ್ಡ ಲೋಟ ಬಿಟ್ಟು ಒಳಲೆಯಷ್ಟು ಸಣ್ಣದನ್ನು ಹಿಡಿಯುವುದು, ಬಾಯಿ ಮುಕ್ಕಳಿಸಿ ಉಗಿಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪನ್ನು ಇಳಿಸುವುದು (ಉಪ್ಪು ಇಳಿದರೆ ದಾಹ ತಾನೇ ಇಳಿಯುತ್ತದೆ) ಇವನ್ನೆಲ್ಲ ಮಾಡಿ ತೋರಿಸಬೇಕು. 'ಸೋಡಿಯಂ ಕಡಮೆ' ಎಂದು ಬರೆದಿರುವ ಪೇಟೆಯ ಉಪ್ಪು ಒಳ್ಳೆಯದೆಂದು ಕೆಲವರು ತಂದುಬಿಡುತ್ತಾರೆ. ಅದರಲ್ಲಿ ಸೋಡಿಯಂ ಬಿಟ್ಟ ಜಾಗಕ್ಕೆ ಸೇರಿಸಿರುವುದು ಹೆಚ್ಚಾಗಿ ಪೊಟ್ಯಾಸಿಯಂ! ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು.

ಎರಡನೆಯದು ಅಡುಗೆ. ಸೊಪ್ಪು ತರಕಾರಿಗಳಲ್ಲಿರುವ ಪೊಟ್ಯಾಸಿಯಂ ನೀರಿನಲ್ಲಿ ಕರಗುವಂಥದು. ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಬಹುಪಾಲು ಹೋಗುತ್ತದೆ. ಉಪಾಯ ಸುಲಭ. ಆದರೆ ನಮ್ಮ ಸೀಮೆಯ ಪಾಕಶಾಸ್ತ್ರವೇ ಇದಕ್ಕೆ ಎದುರು ನಿಂತಿದೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನು ನಾವು ಚೆಲ್ಲುವುದಿಲ್ಲ; ಅದೇ ಬಸ್ಸಾರು. ಸೊಪ್ಪಿನ ಸತ್ತ್ವವೆಲ್ಲ ಇರುವುದು ಅದರಲ್ಲಿಯೇ ಎಂದು ನಮ್ಮ ತಾಯಂದಿರು ಹೇಳುತ್ತಿದ್ದುದು ಶುದ್ಧ ವಿಜ್ಞಾನ. ಆ ಸತ್ತ್ವವೇ ಈಗ ಬೇಡವಾದದ್ದು. ನಮ್ಮ ಬಂಧುಗಳೊಬ್ಬರ ಜೊತೆಗೆ ನಾನು ಕೆಲವು ತಿಂಗಳು ಇಂಥ ಒಂದು ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿರುತ್ತಿದ್ದೆ; ಅದು ಯಾವುದೆಂಬುದು ಇಲ್ಲಿ ಅಪ್ರಸ್ತುತ. ಬಸಿದು ಚೆಲ್ಲಬೇಕೆಂಬ ಮಾತು ಬಂದಾಗ ನರಸೀಪುರದ ಕಡೆಯ ಒಬ್ಬಾಕೆ, "ಅದ್ನೂ ಚೆಲ್ಬುಟ್ರೆ ಮುದ್ದೆ ಯಾತರಲ್ಲಿ ನುಂಗಾದು ಮೇಷ್ಟ್ರೆ?" ಎಂದು ಕೇಳಿದಳು. ಯಾವ ಪಠ್ಯಪುಸ್ತಕದಲ್ಲಿಯೂ ನಾನು ಈ ಪ್ರಶ್ನೆಯನ್ನು ಕಂಡಿಲ್ಲ. ಪಥ್ಯದ ಚೀಟಿ ಬರೆದವರಿಗೆ ಮುದ್ದೆ ಸಾರುಗಳ ಸಂಬಂಧ ತಿಳಿದಿದ್ದರೆ, ಉತ್ತರವೂ ಅದರಲ್ಲಿಯೇ ಇರುತ್ತಿತ್ತು.

ಇನ್ನೂ ತೊಡಕಾದ ವಿಷಯವೊಂದಿದೆ. ಪಥ್ಯವೆಂದರೆ ಕಡಮೆ ತಿನ್ನುವುದು ಎಂದು ನಮ್ಮ ಗ್ರಹಿಕೆ. ಡಯಾಲಿಸಿಸ್ ಆರಂಭವಾಗುವ ಮೊದಲು, ಮೂತ್ರಪಿಂಡದ ಹೊರೆ ಇಳಿಸಲೆಂದು, ಬೇಳೆ ಮೊಟ್ಟೆ ಮಾಂಸಗಳನ್ನು ಮಿತಗೊಳಿಸಬೇಕೆಂದು ವೈದ್ಯರು ಹೇಳಿರುತ್ತಾರೆ. ಡಯಾಲಿಸಿಸ್ ಆರಂಭವಾದ ಮೇಲೆ ಆ ನಿಯಮ ತಲೆಕೆಳಗಾಗುತ್ತದೆ. ಚಿಕಿತ್ಸೆಯೊಡನೆ ಮೈಯ ಸಾರಾಂಶವೂ ಅಷ್ಟಿಷ್ಟು ಸೋರಿಹೋಗುವುದರಿಂದ ಪ್ರೋಟೀನನ್ನು ಹೆಚ್ಚಿಸಬೇಕಾಗುತ್ತದೆ. ಅದೇ ರೋಗಿ, ಅದೇ ರೋಗ, ಅದೇ ಅಡುಗೆಮನೆ. ನಿನ್ನೆಯ ಅಪಥ್ಯ ಇಂದಿನ ಪಥ್ಯ. ಈ ತಿರುವನ್ನು ಯಾರೂ ಬಿಡಿಸಿ ಹೇಳದ ಕಾರಣ ಎಷ್ಟೋ ಮನೆಗಳಲ್ಲಿ ಹಳೆಯ ನಿಯಮವನ್ನೇ ಭಕ್ತಿಯಿಂದ ಪಾಲಿಸಿ, ರೋಗಿ ಗಂಜಿ ಕುಡಿದು ಕೃಶನಾಗುತ್ತ ಹೋಗುತ್ತಾನೆ. ಮೇಲೆ ಬಾವು ಇರುವುದರಿಂದ ಕೃಶವಾದದ್ದು ಕಣ್ಣಿಗೆ ಕಾಣುವುದೂ ಇಲ್ಲ. (ಯಾರಿಗೆ ಎಷ್ಟು ಎಂಬುದು ರಕ್ತಪರೀಕ್ಷೆಯಿಂದ ತಿಳಿಯತಕ್ಕ ವಿಷಯ, ಕನ್ನಡ ಮೇಷ್ಟರ ಲೇಖನವನ್ನು ನೋಡಿ ಯಾರೂ ಪಥ್ಯ ಬದಲಿಸಬಾರದು.)

ಮೂರನೆಯದು ತೋಳು. ಡಯಾಲಿಸಿಸ್‌ಗೆ ರಕ್ತ ವೇಗವಾಗಿ ಹೊರಬಂದು ಒಳಹೋಗಬೇಕು. ಅದಕ್ಕಾಗಿ ಶಸ್ತ್ರವೈದ್ಯರು ಮುಂದೋಳಿನ ಒಂದು ಶುದ್ಧರಕ್ತನಾಳವನ್ನು ಪಕ್ಕದ ಮಲಿನರಕ್ತನಾಳಕ್ಕೆ ಜೋಡಿಸಿ, ಆ ನಾಳ ಉಬ್ಬಿ ಗಟ್ಟಿಯಾಗುವಂತೆ ಮಾಡುತ್ತಾರೆ. ನ್ಯೂಯಾರ್ಕಿನ ಬ್ರೆಶಿಯ, ಚಿಮಿನೋ ಮತ್ತು ಅವರ ಸಂಗಡಿಗರು 1966ರಲ್ಲಿ ಪ್ರಕಟಿಸಿದ ಈ ಉಪಾಯಕ್ಕೆ ಫಿಸ್ಟುಲಾ ಎಂದು ಹೆಸರು. ರೋಗಿಯ ಪ್ರಾಣತಂತು ಅದು. ಆ ತೋಳಿನಿಂದ ನೀರಿನ ಕೊಡ ಹೊರಬಾರದು. ಅದರ ಮೇಲೆ ತಲೆಯಿಟ್ಟು ಮಲಗಬಾರದು. ಬಿಗಿಯಾದ ಬಳೆ ಗಡಿಯಾರ ಕೂಡದು. ರಕ್ತದ ಒತ್ತಡ ನೋಡಲು ಪಟ್ಟಿ ಕಟ್ಟಗೊಡಬಾರದು. ಸೂಜಿ ಚುಚ್ಚುವ ಜಾಗವನ್ನು ತೊಳೆದು ಶುಚಿಯಾಗಿಡಬೇಕು. ಚರಕನ ನಾಲ್ಕನೆಯ ಗುಣವಾದ ಶೌಚ ಇಲ್ಲಿ ಬರಿಯ ಮಡಿಯಲ್ಲ, ಆಯುಸ್ಸಿನ ಪ್ರಶ್ನೆ. ದಿನವೂ ಬೆಳಗ್ಗೆ ಆ ನಾಳದ ಮೇಲೆ ಬೆರಳಿಟ್ಟರೆ ಜೇನುಹುಳು ಸಿಕ್ಕಿಕೊಂಡಂತೆ ಒಂದು ಕಂಪನ ತಿಳಿಯಬೇಕು. ಕಿವಿಯನ್ನು ಹತ್ತಿರಕ್ಕೆ ಆನಿಸಿದರೆ ಗುಯ್ಯೆಂಬ ಧ್ವನಿ ಕೇಳಬೇಕು. ಅದು ನಿಂತಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ. ಆಗಲೇ ಆಸ್ಪತ್ರೆಗೆ ಹೊರಡಬೇಕು.

'ಶುಶ್ರೂಷೆ' ಎಂಬ ಶಬ್ದದ ಮೂಲವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ: 'ಶ್ರು' ಧಾತು, ಸನ್ನಂತ ರೂಪ, 'ಕೇಳಬೇಕೆಂಬ ಇಚ್ಛೆ' ಎಂದು ಮೊದಲ ಅರ್ಥ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯನು ಅವನ ಸೇವೆಯಲ್ಲಿರುತ್ತಿದ್ದನಾದ್ದರಿಂದ ಸೇವೆಯೆಂಬ ಅರ್ಥ ಬಂತು. ಅಲ್ಲಿಂದ ರೋಗಿಯ ಸೇವೆಗೆ ಇಳಿಯಿತು. ಈಚಿನ ವರ್ಷಗಳಲ್ಲಿ ಸರ್ಕಾರ ದಾದಿಯರನ್ನು 'ಶುಶ್ರೂಷಾಧಿಕಾರಿ' ಎಂದು ಕರೆದಿದೆ. ಕೇಳುವ ಇಚ್ಛೆಯೂ ಅಧಿಕಾರವೂ ಒಂದೇ ಸಮಾಸದಲ್ಲಿ ಎಷ್ಟು ಕಾಲ ಹೊಂದಿಕೊಂಡು ಬಾಳುತ್ತವೆಯೋ ಕಾಣೆ. ಆ ವೃತ್ತಿಯ ಗೌರವಕ್ಕೆ ಹೆಸರು ಅಗತ್ಯವಾಗಿತ್ತೆಂಬುದನ್ನು ಒಪ್ಪುತ್ತೇನೆ. ಆದರೆ ಹೆಂಡತಿಯೊಬ್ಬಳು ನಸುಕಿನಲ್ಲಿ ಗಂಡನ ತೋಳಿಗೆ ಕಿವಿಯಿಟ್ಟು ಆ ಗುಯ್ಗುಟ್ಟುವಿಕೆಯನ್ನು ಕೇಳುವುದನ್ನು ನೋಡಿದ ಮೇಲೆ ಈ ಶಬ್ದದ ಮೊದಲ ಅರ್ಥ ಇನ್ನೂ ಸತ್ತಿಲ್ಲವೆಂದು ನನಗೆ ತಿಳಿಯಿತು.

ಹೀಗೆ ಕೇಳಲು ಆಕೆಗೆ ಯಾರು ಕಲಿಸಬೇಕು? ಯಂತ್ರ ನಡೆಸುವವನಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಪದವಿಯಿದೆ. ದಾದಿಗೆ ಮೂರು ನಾಲ್ಕು ವರ್ಷಗಳ ವ್ಯಾಸಂಗವಿದೆ. ನೂರೈವತ್ತಾರು ಗಂಟೆಗಳ ಹೊಣೆ ಹೊತ್ತವಳಿಗೆ ಶಾಲೆಯೇ ಇಲ್ಲ. ಓದುಬರಹ ಕಡಮೆಯಿರುವ ಹೆಂಗಸರಿಗೆ ಇದೆಲ್ಲ ತಲೆಗೆ ಹೋಗುವುದೇ ಎಂದು ಅನುಮಾನಿಸುವವರಿದ್ದಾರೆ. 1964ರ ಸುಮಾರಿಗೇ ಸಿಯಾಟಲ್, ಬಾಸ್ಟನ್, ಲಂಡನ್ ನಗರಗಳಲ್ಲಿ ರೋಗಿಗಳ ಹೆಂಡಂದಿರಿಗೂ ತಾಯಂದಿರಿಗೂ ತರಬೇತಿ ಕೊಟ್ಟು, ಡಯಾಲಿಸಿಸ್ ಯಂತ್ರವನ್ನೇ ಮನೆಯಲ್ಲಿ ನಡೆಸುವಂತೆ ಮಾಡಿದರು. ಅವರಾರೂ ವೈದ್ಯರಾಗಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕವೂ ವೃತ್ತಿಯ ದಾದಿಯರಿಗಾಗಿ ಬರೆದದ್ದಲ್ಲ, ಮನೆಯಲ್ಲಿ ಇನ್ನೊಬ್ಬರ ಆರೋಗ್ಯದ ಹೊಣೆ ಹೊತ್ತ ಸಾಮಾನ್ಯ ಹೆಂಗಸರಿಗಾಗಿ. ಯಂತ್ರವನ್ನೇ ಕಲಿಯಬಲ್ಲವರು ನೀರಿನ ಅಳತೆಯನ್ನು ಕಲಿಯಲಾರರೆ?

ಹೆಂಗಸರು ಎಂದೇ ಹೇಳುತ್ತ ಬಂದೆ, ನಿಜಸ್ಥಿತಿ ಅದು. ಜಗಲಿಯಲ್ಲಿ ನಾನು ಕಂಡ ಪರಿಚಾರಕರಲ್ಲಿ ಹೆಂಡತಿ, ತಾಯಿ, ಸೊಸೆ, ಮಗಳೇ ಹೆಚ್ಚು. ಹೆಂಡತಿಯೇ ರೋಗಿಯಾದ ಮನೆಗಳಲ್ಲಿ ಅವಳೇ ಎದ್ದು ತನ್ನ ಪಥ್ಯವನ್ನೂ ಉಳಿದವರ ಅಡುಗೆಯನ್ನೂ ಬೇರೆ ಬೇರೆಯಾಗಿ ಬೇಯಿಸಿ, ತಾನೇ ಬಸ್ಸು ಹತ್ತಿ ಬರುತ್ತಾಳೆ. ಪಾಠ ಆರಂಭವಾಗುವುದಾದರೆ ಮೊದಲ ಸಾಲಿನಲ್ಲಿ ಕೂರಿಸಬೇಕಾದದ್ದು ಗಂಡಸರನ್ನು.

ಭಾಷೆಯ ಮಾತಿಗೆ ಬರೋಣ. ಇಂಥ ವಿಷಯವನ್ನು ಕನ್ನಡದಲ್ಲಿ ಹೇಳುವುದು ಕಷ್ಟವೆಂಬ ನೆಪವನ್ನು ನಾನು ಒಪ್ಪಲಾರೆ. ಹನ್ನೆರಡನೆಯ ಶತಮಾನದಲ್ಲಿಯೇ ಕೀರ್ತಿವರ್ಮನು 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಗಳನ್ನೂ ವಿಷಚಿಕಿತ್ಸೆಯನ್ನೂ ಪದ್ಯದಲ್ಲಿ ವಿಸ್ತರಿಸಿದನು. ದನದ ರೋಗಕ್ಕೂ ಹಾವಿನ ನಂಜಿಗೂ ಒದಗಿದ ಭಾಷೆ ರಕ್ತದ ನಂಜಿಗೆ ಒದಗದೆ? ಈಚಿನ ಕಾಲದಲ್ಲಿ ಅನುಪಮಾ ನಿರಂಜನರ 'ತಾಯಿ ಮಗು' ಎಷ್ಟೋ ಮನೆಗಳನ್ನು ಮುಟ್ಟಿತು. ಬಾಣಂತಿಗೆ ದೊರೆತಂಥ ಪುಸ್ತಕ ಮೂತ್ರಪಿಂಡದ ರೋಗಿಯ ಮನೆಯವರಿಗೂ ದೊರೆಯಬೇಕು. ಅದು ಬಸ್ಸಾರಿನ ಪ್ರಶ್ನೆಗೆ ಉತ್ತರ ಕೊಡುವಂಥದಾಗಿರಬೇಕು.

ಪುಸ್ತಕಕ್ಕಿಂತ ಮೊದಲು ಪಾಠ. ಅದಕ್ಕೆ ಸ್ಥಳ ಹುಡುಕಬೇಕಾಗಿಲ್ಲ. ರೋಗಿ ಒಳಗೆ ಮಲಗಿರುವ ನಾಲ್ಕು ಗಂಟೆ, ಅವನ ಜೊತೆಗೆ ಬಂದವರು ಹೊರಗಿನ ಜಗಲಿಯಲ್ಲಿ ಕುಳಿತಿರುತ್ತಾರೆ; ಅಂದಿನ ಕೂಲಿಯನ್ನು ಬಿಟ್ಟು ಬಂದು ಕುಳಿತಿರುತ್ತಾರೆ. ವಾರಕ್ಕೆ ಮೂರು ದಿನ, ಅದೇ ಜನ, ಅದೇ ಹೊತ್ತು. ನನ್ನ ಕಾಲೇಜಿನಲ್ಲಿ ಹಾಜರಿ ಇಷ್ಟು ಕ್ರಮವಾಗಿರುವುದಿಲ್ಲ. ಕಲಿಯಲು ಇಷ್ಟು ಕಾರಣವಿರುವ ವಿದ್ಯಾರ್ಥಿಗಳನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ವಾರಕ್ಕೊಂದು ಗಂಟೆ ಒಬ್ಬ ದಾದಿಯನ್ನು ಈ ಕೆಲಸಕ್ಕೆಂದೇ ಬಿಡಿಸಿಕೊಟ್ಟರೆ ಸಾಕು. ತಿಂಗಳಿಗೊಮ್ಮೆ ಮೈಸೂರಿನಿಂದ ಆಹಾರತಜ್ಞರು ಬಂದರೆ ಮತ್ತೂ ಒಳ್ಳೆಯದು. ಒಂದು ತಕ್ಕಡಿ, ಒಂದು ಅಳತೆಯ ಚೊಂಬು, ಸಂತೆಯಿಂದ ತಂದ ನಾಲ್ಕು ಬಗೆಯ ತರಕಾರಿ, ಒಲೆ. ತಾವೇ ರೋಗಿಗಳಾಗಿ ವರ್ಷಗಳಿಂದ ನಿಭಾಯಿಸಿಕೊಂಡು ಬಂದವರು ಅಲ್ಲಿಯೇ ಇರುತ್ತಾರೆ. ಅವರಿಗಿಂತ ಒಳ್ಳೆಯ ಉಪಾಧ್ಯಾಯರಿಲ್ಲ. ಈಗಲೂ ಪಾಠ ನಡೆಯುತ್ತಿಲ್ಲವೆಂದಲ್ಲ. ಒಬ್ಬರಿಂದೊಬ್ಬರಿಗೆ, ಅರ್ಧ ಸರಿ ಅರ್ಧ ತಪ್ಪು ಬೆರೆತು, ನಾಟಿ ಭಸ್ಮದ ವಿಳಾಸದೊಡನೆ ನಡೆಯುತ್ತಿದೆ. ಅದರಲ್ಲಿ ತಪ್ಪನ್ನು ತೆಗೆಯುವವರು ಬೇಕು.

ದಾದಿಯರಿಗೆ ಆಗಲೇ ಕೈತುಂಬ ಕೆಲಸವಿದೆ, ಸಂಬಳ ಕಡಮೆ, ಹುದ್ದೆಗಳು ಖಾಲಿ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ದುಡಿಯುವವರ ಮೇಲೆಯೇ ಇನ್ನೊಂದು ಗಂಟೆ ಹೇರಬೇಕೆಂದು ನಾನು ಹೇಳುತ್ತಿಲ್ಲ. ಯಂತ್ರಕ್ಕೆ ಹಣ ಕೊಡುವಾಗ ಪಾಠದ ಗಂಟೆಗೂ ಕೊಡಿ, ಅದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಿ ಎಂದು ಕೇಳುತ್ತಿದ್ದೇನೆ.

ನಮ್ಮ ಕನ್ನಡ ವಿಭಾಗಗಳಿಗೂ ಇದರಲ್ಲಿ ಒಂದು ಪಾಲಿದೆ. ಆಸ್ಪತ್ರೆಯವರು ಬರೆದುಕೊಟ್ಟ ವಿಷಯವನ್ನು ನಮ್ಮ ವಿದ್ಯಾರ್ಥಿಗಳು ಕನ್ನಡಕ್ಕೆ ತಂದು, ಅಚ್ಚಿಗೆ ಕೊಡುವ ಮೊದಲು ಜಗಲಿಯಲ್ಲಿ ಕುಳಿತವರೆದುರು ಗಟ್ಟಿಯಾಗಿ ಓದಬೇಕು. ಕೇಳಿದವರ ಹುಬ್ಬು ಗಂಟಿಕ್ಕಿದ ಕಡೆ ಗೆರೆ ಹಾಕಿ, ಅವರನ್ನೇ ಕೇಳಿ ಬೇರೆ ಮಾತು ಹಾಕಬೇಕು. ಮೂತ್ರಜನಕಾಂಗವೋ ಮೂತ್ರಪಿಂಡವೋ ಎಂದು ಪಂಡಿತರು ಚರ್ಚಿಸುತ್ತಿರಲಿ, ಅವರಿಗೆ ಕಿಡ್ನಿ ಗೊತ್ತು, ಇರಲಿ. ಪೊಟ್ಯಾಸಿಯಂ ಹಾಗೆಯೇ ಇರಲಿ. ಡಯಾಲಿಸಿಸ್ ಮುಗಿದು ಹೆಚ್ಚಿನ ನೀರೆಲ್ಲ ಹೋದ ಮೇಲಿನ ತೂಕಕ್ಕೆ 'ಒಣತೂಕ' ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಫಿಸ್ಟುಲಾಕ್ಕೆ ಕೋಶದಲ್ಲಿ ಏನು ಪದವಿದೆಯೋ ನಾನು ಹುಡುಕಲಿಲ್ಲ. ಬನ್ನೂರಿನ ಕಡೆಯ ಮುದುಕಿಯೊಬ್ಬಳು ಮಗನ ತೋಳನ್ನು ತೋರಿಸಿ, "ಈ ಗುಯ್‌ಗುಟ್ಟೋ ನರ ನಿಂತೋಯ್ತದೇನೋ ಅಂತ ರಾತ್ರಿಯೆಲ್ಲ ಮುಟ್ಟಿ ಮುಟ್ಟಿ ನೋಡ್ತೀನಿ" ಎಂದಿದ್ದಳು. ಪುಸ್ತಕದಲ್ಲಿ ಆ ಹೆಸರೇ ಬರಲಿ. ರಾತ್ರಿಯೆಲ್ಲ ನೋಡಬೇಕಾಗಿಲ್ಲ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಿದರೆ ಸಾಕು ಎಂಬುದೂ ಅದರ ಕೆಳಗೆ ಬರಲಿ.